ಸ್ಕ್ರೀನ್ ಮುಂದಿನ ಗಂಟೆಗಳು: ತಜ್ಞರು ಯಾಕೆ ಒಂದೇ ಮಾತು ಹೇಳುತ್ತಿಲ್ಲ?

ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16 ವರ್ಷ ತುಂಬದ ಮಕ್ಕಳು ಇನ್‌ಸ್ಟಾಗ್ರಾಮ್, ಟಿಕ್‌ಟಾಕ್, ಸ್ನ್ಯಾಪ್‌ಚಾಟ್, ಫೇಸ್‌ಬುಕ್, ಯೂಟ್ಯೂಬ್‌ನಂಥ ಕಡೆ ಖಾತೆ ಇಟ್ಟುಕೊಳ್ಳುವ ಹಾಗಿಲ್ಲ. ತಡೆಯದ ಕಂಪನಿಗೆ 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ ದಂಡ. ಮಕ್ಕಳಿಗಾಗಲಿ ಅಪ್ಪ ಅಮ್ಮನಿಗಾಗಲಿ ದಂಡ ಇಲ್ಲ. ಆ ಸುದ್ದಿ ಬಂದಾಗಿನಿಂದ ನಮ್ಮಲ್ಲೂ ಇಂಥದ್ದೊಂದು ಕಾನೂನು ಬೇಕು ಅನ್ನುವ ಮಾತು ಜೋರಾಗಿದೆ. ಆದರೆ ಓದುವವರಿಗೆ ಗೊಂದಲ ಮಾತ್ರ ಕಮ್ಮಿಯಾಗಿಲ್ಲ. ಒಂದು ದಿನ ಮೊಬೈಲು ಮಕ್ಕಳ ಮೆದುಳನ್ನೇ ಹಾಳು ಮಾಡುತ್ತದೆ ಅಂತ ಬರುತ್ತದೆ, ಇನ್ನೊಂದು ದಿನ ಅದಕ್ಕೆ ಪುರಾವೆಯೇ ಇಲ್ಲ ಅಂತ ಬರುತ್ತದೆ. ಎರಡನ್ನೂ ಹೇಳುವವರು ಇದೇ ವಿಷಯವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರೇ. ಹಾಗಿದ್ದರೆ ಯಾರನ್ನು ನಂಬೋದು?

ನನಗನ್ನಿಸುವಂತೆ ಅರ್ಧ ಗೊಂದಲ ಹುಟ್ಟುವುದು "ದಿನಕ್ಕೆ ಎಷ್ಟು ಗಂಟೆ?" ಅನ್ನುವ ಪ್ರಶ್ನೆಯಿಂದಲೇ. ಆರೋಗ್ಯಕ್ಕೆ ಪೆಟ್ಟು ಬೀಳುವುದು ಕೆಲವು ಗೊತ್ತಾದ ದಾರಿಗಳಿಂದ. ನಿದ್ದೆ ಕಡಿಮೆಯಾಗುತ್ತದೆ, ಕೂತಲ್ಲೇ ಕೂರುತ್ತೇವೆ, ಬಯಲಿನ ಬೆಳಕು ತಪ್ಪುತ್ತದೆ, ಮನೆಯವರ ಮಾತು ನಿಲ್ಲುತ್ತದೆ. ಈ ದಾರಿಗಳನ್ನು ಒಂದೊಂದಾಗಿ ನೋಡಿದರೆ ಪುರಾವೆ ಎಲ್ಲಿ ಗಟ್ಟಿಯಾಗಿದೆ, ಎಲ್ಲಿ ತೆಳುವಾಗಿದೆ ಅಂತ ತಿಳಿಯುತ್ತದೆ. ಜೊತೆಗೆ ಇನ್ನೊಂದು ವಿಷಯವೂ ಕಣ್ಣಿಗೆ ಬೀಳುತ್ತದೆ. ಇಷ್ಟೆಲ್ಲ ಗಲಾಟೆ ಮಕ್ಕಳ ಫೋನಿನ ಬಗ್ಗೆ ನಡೆಯುತ್ತಿರುವಾಗ ದೊಡ್ಡವರ ಟೀವಿ ಗಂಟೆಗಳನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಒಂದೊಂದು ಕಡೆ ಒಂದೊಂದು ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಒಂದು ಮಾರ್ಗಸೂಚಿ ಕೊಟ್ಟಿತು. ಎರಡು ವರ್ಷ ತುಂಬುವವರೆಗೆ ಸ್ಕ್ರೀನ್ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ, ಇನ್ನೂ ಕಡಿಮೆಯಾದರೆ ಒಳ್ಳೆಯದು ಅಂದಿತು. ನಮ್ಮ ದೇಶದ ಮಕ್ಕಳ ವೈದ್ಯರ ಸಂಘವಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಕೂಡ ಹೆಚ್ಚುಕಮ್ಮಿ ಇದನ್ನೇ ಹೇಳುತ್ತದೆ. ಸ್ವೀಡನ್ 2024ರಲ್ಲಿ ಇನ್ನೂ ಮುಂದೆ ಹೋಗಿ ಹದಿಹರೆಯದವರಿಗೂ ಎರಡರಿಂದ ಮೂರು ಗಂಟೆ ಅಂತ ಮಿತಿ ಸೂಚಿಸಿತು.

ಇದೇ 2019ರ ಜನವರಿಯಲ್ಲಿ ಬ್ರಿಟನ್ನಿನ ಮಕ್ಕಳ ವೈದ್ಯರ ರಾಯಲ್ ಕಾಲೇಜು ಬೇರೆಯದೇ ಮಾತು ಹೇಳಿತ್ತು. ಇಷ್ಟೇ ಗಂಟೆ ಅಂತ ಗೆರೆ ಎಳೆಯಲು ಸಾಕಷ್ಟು ಪುರಾವೆ ಇಲ್ಲ ಅಂದ ಅದು ಗಂಟೆ ಹೇಳುವ ಬದಲು ಮನೆಯವರಿಗೆ ನಾಲ್ಕು ಪ್ರಶ್ನೆ ಕೊಟ್ಟಿತು. ಸ್ಕ್ರೀನ್ ಬಳಕೆ ಮನೆಯವರ ಹಿಡಿತದಲ್ಲಿ ಇದೆಯಾ? ಮನೆಮಂದಿ ಸೇರಿ ಮಾಡಬೇಕೆಂದುಕೊಂಡ ಕೆಲಸಕ್ಕೆ ಅದು ಅಡ್ಡ ಬರುತ್ತಿದೆಯಾ? ನಿದ್ದೆ ಕೆಡುತ್ತಿದೆಯಾ? ನೋಡುತ್ತಾ ತಿನ್ನುವ ಕುರುಕಲು ಹಿಡಿತದಲ್ಲಿದೆಯಾ?

ಮೇಲ್ನೋಟಕ್ಕೆ ಇವರಿಬ್ಬರೂ ಜಗಳಕ್ಕೆ ನಿಂತ ಹಾಗೆ ಕಾಣುತ್ತದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಅದೇ ಕಾಗದವನ್ನು ಪೂರ್ತಿ ಓದಿದರೆ ಅದರಲ್ಲಿ ಸ್ಕ್ರೀನ್ ಒಂದು ಭಾಗ ಅಷ್ಟೇ. ಮಗು ದಿನಕ್ಕೆ ಎಷ್ಟು ಹೊತ್ತು ಓಡಾಡಬೇಕು, ಎಷ್ಟು ಮಲಗಬೇಕು ಅನ್ನುವುದು ಉಳಿದ ಭಾಗ. ದಿನಕ್ಕೆ ಇರುವುದು 24 ಗಂಟೆ. ಒಂದು ಹೆಚ್ಚಾದರೆ ಇನ್ನೊಂದು ಕಡಿಮೆಯಾಗಲೇಬೇಕು. ಬ್ರಿಟನ್ನಿನ ವೈದ್ಯರು ಕೇಳಿದ್ದೂ ಅದನ್ನೇ, ಯಾವುದು ಕಡಿಮೆಯಾಯಿತು ಅಂತ.

ಜಗಳ ನಿಜವಾಗಿ ಇರುವುದು ಎಲ್ಲಿ?

ಮನಸ್ಸಿನ ಆರೋಗ್ಯದ ವಿಷಯಕ್ಕೆ ಬಂದಾಗ ಜಗಳ ನಿಜವಾದದ್ದೇ. ಅಮೆರಿಕದ ಸಮಾಜ ಮನಃಶಾಸ್ತ್ರಜ್ಞ ಜೊನಾಥನ್ ಹೈಟ್ ಅವರ ವಾದ ಹೀಗಿದೆ: 2010ರಿಂದ 2015ರ ನಡುವೆ ಸ್ಮಾರ್ಟ್‌ಫೋನ್ ಎಲ್ಲ ಮಕ್ಕಳ ಕೈಗೂ ಬಂತು, ಆಟದ ಬಾಲ್ಯ ಹೋಗಿ ಫೋನಿನ ಬಾಲ್ಯ ಬಂತು, ಅದೇ ಹೊತ್ತಿಗೆ ಹದಿಹರೆಯದವರಲ್ಲಿ, ಅದರಲ್ಲೂ ಹುಡುಗಿಯರಲ್ಲಿ, ಖಿನ್ನತೆ ಮತ್ತು ಆತಂಕ ಏರತೊಡಗಿತು. ಕ್ಯಾಲಿಫೋರ್ನಿಯಾದ ಮನಃಶಾಸ್ತ್ರಜ್ಞೆ ಕ್ಯಾಂಡಿಸ್ ಆಡ್ಜರ್ಸ್ ಇದನ್ನು ಒಪ್ಪುವುದಿಲ್ಲ. ಎರಡೂ ಒಟ್ಟಿಗೆ ಏರಿದವು ಅಂದಮಾತ್ರಕ್ಕೆ ಒಂದರಿಂದ ಇನ್ನೊಂದು ಆಯಿತು ಅಂತ ಹೇಳಲಾಗದು, ಮೊದಲೇ ಮನಸ್ಸು ನೊಂದಿರುವ ಮಕ್ಕಳೇ ಫೋನಿಗೆ ಜಾಸ್ತಿ ಅಂಟಿಕೊಳ್ಳುತ್ತಾರೆ ಅನ್ನುವುದು ಅವರ ಮಾತು.

ಸಂಶೋಧಕರಾದ ಆಮಿ ಓರ್ಬೆನ್ ಮತ್ತು ಆಂಡ್ರ್ಯೂ ಶಿಬಿಲ್ಸ್ಕಿ 2019ರಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಮೂರೂವರೆ ಲಕ್ಷಕ್ಕೂ ಹೆಚ್ಚು ಹದಿಹರೆಯದವರ ಮಾಹಿತಿ ಜಾಲಾಡಿದರು. ಮಕ್ಕಳ ಮನಸ್ಸಿನ ನೆಮ್ಮದಿಯಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಕಾಣುವ ವ್ಯತ್ಯಾಸದಲ್ಲಿ ಡಿಜಿಟಲ್ ಬಳಕೆಗೆ ಸೇರಬಹುದಾದ ಪಾಲು ಹೆಚ್ಚೆಂದರೆ ಶೇ. 0.4 ಅಂತ ಕಂಡುಬಂತು. ಅಂದರೆ ಉಳಿದ ಪಾಲೆಲ್ಲ ಬೇರೆ ಕಡೆಯಿಂದ ಬಂದದ್ದು. ಬಡತನ, ಮನೆಯ ಜಗಳ, ಶಾಲೆಯಲ್ಲಿ ಆಗುವ ಅವಮಾನ, ಹುಟ್ಟಿನಿಂದ ಬಂದ ಸ್ವಭಾವ ಇವೆಲ್ಲ ಮಗುವಿನ ನೆಮ್ಮದಿಯನ್ನು ತಿರುಗಿಸಬಲ್ಲವು ಅಲ್ವಾ?

ಇತ್ತ ಅಮೆರಿಕದ ಸರ್ಜನ್ ಜನರಲ್, ಅಂದರೆ ಜನರ ಆರೋಗ್ಯದ ಬಗ್ಗೆ ಮಾತಾಡುವ ಸರ್ಕಾರದ ಮುಖ್ಯ ವೈದ್ಯ, ಆಗಿದ್ದ, ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ವಿವೇಕ್ ಮೂರ್ತಿ 2023ರಲ್ಲಿ ಒಂದು ಎಚ್ಚರಿಕೆ ಹೊರಡಿಸಿದರು. ದಿನಕ್ಕೆ ಮೂರು ಗಂಟೆಗಿಂತ ಜಾಸ್ತಿ ಸಾಮಾಜಿಕ ಜಾಲತಾಣದಲ್ಲಿ ಕಳೆಯುವ ಹದಿಹರೆಯದವರಿಗೆ ಮನಸ್ಸಿನ ತೊಂದರೆಯ ಅಪಾಯ ಎರಡು ಪಟ್ಟು ಅಂತ ಅದರಲ್ಲಿತ್ತು. ಮರುವರ್ಷ, ಸಿಗರೇಟ್ ಪ್ಯಾಕಿನ ಮೇಲಿರುವಂಥ ಎಚ್ಚರಿಕೆ ಜಾಲತಾಣಗಳ ಮೇಲೂ ಇರಲಿ ಅಂತಲೂ ಅವರು ಕೇಳಿದರು. ಅವರ ತರ್ಕ ಸರಳ: ಮಕ್ಕಳಿಗೆ ಇದು ಸುರಕ್ಷಿತ ಅಂತ ಯಾರೂ ತೋರಿಸಿಲ್ಲ, ಹಾಗಿರುವಾಗ ಪುರಾವೆ ಪೂರ್ತಿ ಬರುವವರೆಗೆ ಕಾಯುತ್ತಾ ಕೂರುವುದು ಸರಿಯಲ್ಲ.

ಶೇ. 0.4 ಮತ್ತು ಎರಡು ಪಟ್ಟು, ಎರಡೂ ಹೇಗೆ ನಿಜವಾಗುತ್ತವೆ? ಮೊದಲನೆಯದು ಎಲ್ಲ ಬಳಕೆಯನ್ನೂ, ಎಲ್ಲ ಮಕ್ಕಳನ್ನೂ ಒಟ್ಟಿಗೆ ಸೇರಿಸಿದ ಸರಾಸರಿ. ಗೆಳತಿಯ ಜೊತೆ ವಿಡಿಯೊ ಕಾಲ್, ಗಣಿತದ ಪಾಠ, ರಾತ್ರಿ ಎರಡರವರೆಗಿನ ರೀಲ್ಸ್ ಎಲ್ಲವೂ ಅದರಲ್ಲಿ ಒಂದೇ. ತಟ್ಟೆ ಮುಂದೆ ಎಷ್ಟು ಹೊತ್ತು ಕೂತರು ಅಂತ ಅಳೆದು, ತಟ್ಟೆಯಲ್ಲಿ ಏನಿತ್ತು ಅಂತ ನೋಡದೆ ಬಿಟ್ಟ ಹಾಗೆ. ಎರಡನೆಯದು ಅತಿಯಾಗಿ ಬಳಸುವ ಒಂದು ಗುಂಪಿನ ಲೆಕ್ಕ. ಬಹಳಷ್ಟು ಮಕ್ಕಳಿಗೆ ಏನೂ ಆಗದೆ, ಕೆಲವರಿಗೆ ಮಾತ್ರ ಜೋರಾಗಿ ಪೆಟ್ಟು ಬಿದ್ದರೂ ಸರಾಸರಿ ಸಣ್ಣದಾಗಿಯೇ ಕಾಣುತ್ತದೆ. ಸರಾಸರಿ ಸಣ್ಣದು ಅಂತ ಆ ಕೆಲವರನ್ನು ಮರೆಯಲಾಗದು.

ಆ ಕೆಲವರಿಗಾಗಿಯೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಶಟ್ ಕ್ಲಿನಿಕ್ ನಡೆಯುತ್ತಿದೆ, ಇಂಟರ್ನೆಟ್ ಮತ್ತು ಮೊಬೈಲ್ ಬಳಕೆ ಕೈಮೀರಿದವರಿಗೆ. ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಗೆ ವಿಡಿಯೊ ಗೇಮ್ ಗೀಳನ್ನು ಸೇರಿಸಿದಾಗ ಇಷ್ಟು ಗಂಟೆ ಆಡಿದರೆ ಕಾಯಿಲೆ ಅಂತ ಎಲ್ಲೂ ಬರೆಯಲಿಲ್ಲ. ಆಟದ ಮೇಲೆ ಹಿಡಿತ ತಪ್ಪಿದೆಯಾ, ಬೇರೆಲ್ಲದಕ್ಕಿಂತ ಅದೇ ಮುಖ್ಯವಾಗಿದೆಯಾ, ಹಾನಿ ಆಗುತ್ತಿದ್ದರೂ ಬಿಡಲಾಗುತ್ತಿಲ್ಲವಾ, ಇದು ಸಾಮಾನ್ಯವಾಗಿ ಒಂದು ವರ್ಷದಿಂದ ನಡೆದಿದೆಯಾ ಅಂತ ನೋಡಬೇಕು ಅಂದಿತು. ಕಾಯಿಲೆ ಗುರುತಿಸುವವರೇ ಗಂಟೆಯ ಸಂಖ್ಯೆಯನ್ನು ನಂಬಿ ಕೂತಿಲ್ಲ.

ನಿದ್ದೆ: ಎಲ್ಲರೂ ಒಪ್ಪುವ ದಾರಿ

ಹೈಟ್ ಕಡೆಯವರೂ ಆಡ್ಜರ್ಸ್ ಕಡೆಯವರೂ ಬಹುಮಟ್ಟಿಗೆ ಒಪ್ಪುವುದು ನಿದ್ದೆಯ ವಿಷಯದಲ್ಲಿ. ಕತ್ತಲಾದ ಮೇಲೆ ಮೆದುಳಿನಿಂದ ಮೆಲಟೋನಿನ್ ಅನ್ನುವ ಹಾರ್ಮೋನು ಹೊರಬಂದು, ಮಲಗುವ ಹೊತ್ತಾಯಿತು ಅಂತ ದೇಹಕ್ಕೆ ತಿಳಿಸುತ್ತದೆ. ಕಣ್ಣಿಗೆ ಬೆಳಕು ಬಿದ್ದರೆ ಇದು ತಡವಾಗುತ್ತದೆ. ಮಲಗುವ ಮುನ್ನ ಬೆಳಕಿನ ಸ್ಕ್ರೀನಿನಲ್ಲಿ ಪುಸ್ತಕ ಓದಿದವರನ್ನೂ ಕಾಗದದ ಪುಸ್ತಕ ಓದಿದವರನ್ನೂ ಹೋಲಿಸಿ ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದರು, ಫಲಿತಾಂಶ ಪ್ರಕಟವಾಗಿದ್ದು 2015ರ ಹೊತ್ತಿಗೆ. ಸ್ಕ್ರೀನಿನವರಿಗೆ ಮೆಲಟೋನಿನ್ ತಡವಾಗಿ ಬಂತು ನಿಜ. ಆದರೆ ನಿದ್ದೆ ಹತ್ತಲು ಹೆಚ್ಚಾಗಿ ಬೇಕಾದದ್ದು ಸುಮಾರು ಹತ್ತು ನಿಮಿಷ ಮಾತ್ರ.

ಹತ್ತು ನಿಮಿಷ ದೊಡ್ಡ ವಿಷಯವೇ? ಹಾಗಾದರೆ ಮಕ್ಕಳು ಗಂಟೆಗಟ್ಟಲೆ ನಿದ್ದೆ ಕಳೆದುಕೊಳ್ಳುವುದು ಯಾಕೆ? ಉತ್ತರ ಬೆಳಕಿಗಿಂತ ಹೆಚ್ಚಾಗಿ ಆ ವಿಡಿಯೊಗಳ ಓಟದಲ್ಲಿದೆ. ಪುಸ್ತಕಕ್ಕೆ ಅಧ್ಯಾಯ ಮುಗಿಯುತ್ತದೆ, ಧಾರಾವಾಹಿಗೆ ಕಂತು ಮುಗಿಯುತ್ತದೆ. ರೀಲ್ಸ್‌ಗೆ ಮುಗಿಯುವ ಜಾಗವೇ ಇಲ್ಲ, ಒಂದರ ಬೆನ್ನಿಗೆ ಇನ್ನೊಂದು ತಾನಾಗಿಯೇ ಬರುತ್ತದೆ, ಇಲ್ಲಿಗೆ ಸಾಕು ಅನ್ನುವ ಕ್ಷಣ ಸಿಗುವುದಿಲ್ಲ. ಹೀಗಾಗಿ ನೀಲಿ ಬೆಳಕು ತಡೆಯುವ ಕನ್ನಡಕಕ್ಕೆ ದುಡ್ಡು ಹಾಕುವುದರಿಂದ ಮೂಲ ಸಮಸ್ಯೆ ಹಾಗೆಯೇ ಉಳಿಯುತ್ತದೆ. ಕಣ್ಣಿನ ಆಯಾಸಕ್ಕೂ ಅದರಿಂದ ಹೇಳಿಕೊಳ್ಳುವಂಥ ಉಪಯೋಗ ಇರಲಾರದು ಅಂತ, ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2023ರ ಪರಿಶೀಲನೆ ಹೇಳಿತು. ರಾತ್ರಿ ಫೋನನ್ನು ಮಲಗುವ ಕೋಣೆಯ ಹೊರಗೆ ಚಾರ್ಜಿಗೆ ಹಾಕಲು ಒಂದು ಪೈಸೆಯೂ ಬೇಕಿಲ್ಲ.

ನಿದ್ದೆ ಕೆಟ್ಟರೆ ಮರುದಿನ ಸಿಡುಕು, ಪಾಠ ತಲೆಗೆ ಹತ್ತದಿರುವುದು, ಸುಮ್ನೆ ಏನಾದರೂ ತಿನ್ನಬೇಕು ಅನ್ನುವ ಚಪಲ ಎಲ್ಲ ಶುರು. ಫೋನಿಂದ ಮನಸ್ಸು ಕೆಟ್ಟಿತು ಅಂತ ನಾವು ಅಂದುಕೊಳ್ಳುವ ಎಷ್ಟೋ ಕಡೆ ನಡುವೆ ನಿಂತಿರುವುದು ಈ ನಿದ್ದೆಗೇಡು. ನಾನಂತೂ ಹದಿಹರೆಯದವರ ವಿಷಯದಲ್ಲಿ ಮೊದಲು ಹಿಡಿಯಬೇಕಾದದ್ದು ಇದನ್ನೇ ಅನ್ನುತ್ತೇನೆ.

ಪುಟ್ಟ ಮಕ್ಕಳಿಗೆ ತಪ್ಪುವ ಮಾತು

ಎರಡು ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ವೈದ್ಯರು ಯಾಕೆ ಇಷ್ಟು ಗಟ್ಟಿಯಾಗಿ ಬೇಡ ಅನ್ನುತ್ತಾರೆ? ಇದಕ್ಕೆ ಒಂದು ಚಂದದ ಪ್ರಯೋಗವಿದೆ. ಅಮೆರಿಕದ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಇಂಗ್ಲಿಷ್ ಮಾತಾಡುವ ಮನೆಗಳ ಒಂಬತ್ತು ತಿಂಗಳ ಕೂಸುಗಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿದರು. ಕೆಲವು ಕೂಸುಗಳ ಮುಂದೆ ಮನುಷ್ಯರೇ ಕೂತು ಆಟದ ಸಾಮಾನು ಹಿಡಿದು ಮಾತಾಡಿದರು. ಇನ್ನು ಕೆಲವಕ್ಕೆ ಅದೇ ಜನರ ಅದೇ ಮಾತನ್ನು ಟೀವಿಯಲ್ಲಿ ತೋರಿಸಿದರು. ಮನುಷ್ಯರ ಜೊತೆ ಇದ್ದ ಕೂಸುಗಳು ಮ್ಯಾಂಡರಿನ್‌ನ ಧ್ವನಿಗಳನ್ನು ಬೇರೆಬೇರೆಯಾಗಿ ಗುರುತಿಸಲು ಕಲಿತವು. ಟೀವಿ ನೋಡಿದವು ಕಲಿಯಲೇ ಇಲ್ಲ. ಅದೇ ಮುಖ, ಅದೇ ದನಿ, ಆದರೆ ಕೂಸು ನಕ್ಕಾಗ ತಿರುಗಿ ನಗುವವರು ಅಲ್ಲಿರಲಿಲ್ಲ.

ಮನೆಯಲ್ಲಿ ಯಾರೂ ನೋಡದೆ ಸುಮ್ಮನೆ ಓಡುವ ಟೀವಿಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. 2009ರ ಇನ್ನೊಂದು ಅಧ್ಯಯನದಲ್ಲಿ ಪುಟ್ಟ ಮಕ್ಕಳ ಅಂಗಿಗೆ ಪುಟಾಣಿ ರೆಕಾರ್ಡರ್ ಸಿಕ್ಕಿಸಿ ನೋಡಿದರು. ಟೀವಿ ಸದ್ದು ಕೇಳುವ ಒಂದೊಂದು ಗಂಟೆಗೂ ಮಗುವಿನ ಕಿವಿಗೆ ಬೀಳುವ ದೊಡ್ಡವರ ಮಾತು ಸುಮಾರು 770 ಪದದಷ್ಟು ಕಡಿಮೆಯಿತ್ತು. ಮಗು ಟೀವಿ ನೋಡುತ್ತಿದೆಯೋ ಇಲ್ಲವೋ ಅನ್ನುವುದು ಆಮೇಲಿನ ಮಾತು. ಟೀವಿ ಓಡುತ್ತಿದ್ದರೆ ದೊಡ್ಡವರ ಬಾಯಿ ಕಟ್ಟುತ್ತದೆ.

ನಮ್ಮ ಮನೆಗಳಲ್ಲಿ ಈಗ ದಿನಾ ಕಾಣುವ ಒಂದು ನೋಟವನ್ನು ಹತ್ತಿರದಿಂದ ನೋಡಿ. ಮಗುವಿನ ಮುಂದೆ ಫೋನು, ಅದರಲ್ಲಿ ಬಣ್ಣಬಣ್ಣದ ಹಾಡು, ಪಕ್ಕದಲ್ಲಿ ಅನ್ನ ಸಾರು ಕಲಸಿದ ಬಟ್ಟಲು. ತುತ್ತು ತುಟಿಗೆ ತಾಗಿದರೆ ಬಾಯಿ ತೆರೆಯುತ್ತದೆ, ಕಣ್ಣು ಮಾತ್ರ ಸ್ಕ್ರೀನ್ ಬಿಟ್ಟು ಕದಲುವುದಿಲ್ಲ. ತಿಂದದ್ದು ಏನು ಅಂತ ಮಗುವಿಗೆ ಗೊತ್ತಿಲ್ಲ, ಹೊಟ್ಟೆ ತುಂಬಿತು ಅಂತಲೂ ಗೊತ್ತಾಗುವುದಿಲ್ಲ. ಮೊದಲಾದರೆ ಇದೇ ಹೊತ್ತಿನಲ್ಲಿ ಕಾಗೆ, ಗುಬ್ಬಿ, ಪಕ್ಕದ ಮನೆ ನಾಯಿ, ಚಂದಮಾಮ ಎಲ್ಲ ಬರುತ್ತಿದ್ದವು. ಅಷ್ಟೂ ಮಾತು ಮಗುವಿನ ಕಿವಿಗೆ ಬೀಳುತ್ತಿತ್ತು. ಇದಕ್ಕೆ ಅಮ್ಮಂದಿರನ್ನು ಬೈಯುವುದು ಸುಲಭ, ಆದರೆ ಅನ್ಯಾಯ. ಆಫೀಸು, ಅಡುಗೆ, ಮಗು ಮೂರನ್ನೂ ಒಬ್ಬಳೇ ನೋಡಿಕೊಳ್ಳುವ ಮನೆಯಲ್ಲಿ ಫೋನು ಬಂದದ್ದು ಇನ್ನೊಂದು ಜೊತೆ ಕೈ ಇಲ್ಲದ್ದರಿಂದ. ಆ ಕೈ ಯಾರದ್ದಾಗಬೇಕು ಅನ್ನುವುದನ್ನು ಬಿಟ್ಟು ಬರೀ ಗಂಟೆ ಮಿತಿ ಹೇಳಿದರೆ ಏನೂ ಬದಲಾಗುವುದಿಲ್ಲ.

ಕಣ್ಣು

ಇಲ್ಲಿ ಕಥೆ ನೇರವಾಗಿದೆ. ಮಕ್ಕಳಲ್ಲಿ ದೂರದ್ದು ಮಸುಕಾಗುವ ಸಮೀಪದೃಷ್ಟಿ ಹೆಚ್ಚುತ್ತಿದೆ. ಹತ್ತಿರದ್ದನ್ನೇ ನೋಡುತ್ತಿರುವುದು ಒಂದು ಕಾರಣ, ಬಯಲಿನ ಬೆಳಕು ಸಿಗದಿರುವುದು ಇನ್ನೊಂದು. ಚೀನಾದ ಗುವಾಂಗ್‌ಝೌನಲ್ಲಿ ಕೆಲವು ಶಾಲೆಗಳ ಒಂದನೇ ತರಗತಿ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟರು. ಮೂರು ವರ್ಷದಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ಆ ಶಾಲೆಗಳಲ್ಲಿ ಶೇ. 30.4, ಉಳಿದ ಶಾಲೆಗಳಲ್ಲಿ ಶೇ. 39.5. ಫೋನ್ ಕಿತ್ತುಕೊಂಡು ಅದರ ಬದಲು ಟ್ಯೂಷನ್ನಿಗೆ ಕೂರಿಸಿದರೆ ಕಣ್ಣಿಗೆ ಈ ಲಾಭ ಸಿಗುವುದಿಲ್ಲ.

ಟೀವಿ ಮುಂದೆ ಕೂತ ದೊಡ್ಡವರು

ಈಗ ಯಾರೂ ಮಾತಾಡದ ಭಾಗಕ್ಕೆ ಬರೋಣ. ಆಸ್ಟ್ರೇಲಿಯಾದಲ್ಲೇ ಸುಮಾರು 8,800 ವಯಸ್ಕರನ್ನು ಆರು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಯಿತು. ದಿನಕ್ಕೆ ಒಂದೊಂದು ಗಂಟೆ ಟೀವಿ ಹೆಚ್ಚಾದ ಹಾಗೂ ಸಾವಿನ ಅಪಾಯ ಶೇ. 11ರಷ್ಟು, ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ. 18ರಷ್ಟು ಹೆಚ್ಚಿತ್ತು. ವಯಸ್ಸು, ಸಿಗರೇಟು, ಸೊಂಟದ ಸುತ್ತಳತೆ, ವ್ಯಾಯಾಮ ಎಲ್ಲವನ್ನೂ ಲೆಕ್ಕದಲ್ಲಿಟ್ಟು ನೋಡಿದ ಮೇಲೂ ಇದು ಉಳಿಯಿತು. ಟೀವಿಯೇ ಕೊಂದಿತು ಅಂತ ಇದರಿಂದ ಸಾಬೀತಾಗುವುದಿಲ್ಲ, ಆರೋಗ್ಯ ಕೆಟ್ಟವರೂ ಮನೆಯಲ್ಲಿ ಕೂತು ಜಾಸ್ತಿ ಟೀವಿ ನೋಡುತ್ತಾರೆ. ಆದರೆ 2016ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟುಗೂಡಿಸಿದ ಇನ್ನೊಂದು ಅಧ್ಯಯನ ನನಗೆ ಇನ್ನೂ ಮುಖ್ಯವಾಗಿ ಕಾಣುತ್ತದೆ. ದಿನಕ್ಕೆ 60ರಿಂದ 75 ನಿಮಿಷ ಬಿರುಸಾಗಿ ನಡೆಯುವಷ್ಟು ವ್ಯಾಯಾಮ ಮಾಡಿದರೆ ದಿನಕ್ಕೆ ಒಟ್ಟು ಎಂಟು ಗಂಟೆ ಕೂರುವುದರ ಅಪಾಯ ಹೆಚ್ಚುಕಮ್ಮಿ ಹೋಗುತ್ತದೆ. ಅಷ್ಟೇ ವ್ಯಾಯಾಮ ದಿನಕ್ಕೆ ಐದು ಗಂಟೆ ಟೀವಿ ನೋಡುವವರ ಅಪಾಯವನ್ನು ಕಡಿಮೆ ಮಾಡಿತು, ಪೂರ್ತಿ ತೆಗೆಯಲಿಲ್ಲ.

ಕೂರುವುದು ಎರಡೂ ಕಡೆ ಒಂದೇ, ಆದರೂ ಟೀವಿ ಯಾಕೆ ಕೆಟ್ಟದ್ದು? ಟೀವಿ ನೋಡುವುದು ಸಾಮಾನ್ಯವಾಗಿ ಸಂಜೆಯ ಮೇಲೆ. ಸಂಜೆ ಆರೂವರೆಯಿಂದ ಹತ್ತರವರೆಗೆ ಒಂದರ ಹಿಂದೊಂದು ಧಾರಾವಾಹಿ, ನಡುವೆ ಅಲ್ಲೇ ಊಟ. ದಿನದ ದೊಡ್ಡ ಊಟ, ಅನ್ನವೋ ಮುದ್ದೆಯೋ, ಹೊಟ್ಟೆಗೆ ಬಿದ್ದ ಮೇಲೆ ರಕ್ತದಲ್ಲಿ ಸಕ್ಕರೆ ಏರುತ್ತದೆ. ಆ ಸಕ್ಕರೆಯನ್ನು ಎಳೆದುಕೊಳ್ಳಬೇಕಾದದ್ದು ಮುಖ್ಯವಾಗಿ ಕಾಲು, ತೊಡೆಯ ದೊಡ್ಡ ಸ್ನಾಯುಗಳು. ಅವು ಕೆಲಸವಿಲ್ಲದೆ ಬಿದ್ದಿದ್ದರೆ ಸಕ್ಕರೆ ಇಳಿಯುವುದು ನಿಧಾನ. 2012ರ ಒಂದು ಪ್ರಯೋಗದಲ್ಲಿ ಕೂತವರನ್ನು ಪ್ರತಿ 20 ನಿಮಿಷಕ್ಕೊಮ್ಮೆ ಎಬ್ಬಿಸಿ ಎರಡು ನಿಮಿಷ ನಡೆಸಿದರು, ಅಷ್ಟಕ್ಕೇ ಆಹಾರದ ನಂತರದ ಸಕ್ಕರೆಯ ಏರಿಕೆ ಸುಮಾರು ಕಾಲು ಭಾಗ ಕಡಿಮೆಯಾಯಿತು. ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನ 2023ರಲ್ಲಿ ಅಂದಾಜು ಮಾಡಿದೆ. ಧಾರಾವಾಹಿಯ ನಡುವಿನ ಜಾಹೀರಾತಿಗೆ ಎದ್ದು ಅಂಗಳದವರೆಗೆ ಹೋಗಿ ಬರುವುದು ಅವರೆಲ್ಲರಿಗೂ ಸಿಗುವ ಬಿಟ್ಟಿ ಔಷಧ.

ಹಾಗಂತ ಒಂಟಿಯಾಗಿರುವ ಅಜ್ಜಿಯ ಟೀವಿ ಆರಿಸಿ ಅಂತ ನಾನು ಹೇಳುವುದಿಲ್ಲ. ಮಕ್ಕಳು ಬೆಂಗಳೂರಲ್ಲೋ ಅಮೆರಿಕದಲ್ಲೋ ಇರುವ ಮನೆಯಲ್ಲಿ ಆ ಸದ್ದು ಆಕೆಗೆ ಜೊತೆ. ಟೀವಿ ಇರಲಿ. ನಡುನಡುವೆ ಏಳುವಂತಾಗಲಿ, ಊಟ ಬೇರೆ ಕಡೆ ಆಗಲಿ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಎರಡು ಶಾಲೆಗಳಲ್ಲಿ ನಡೆದ, 1999ರಲ್ಲಿ ಪ್ರಕಟವಾದ ಪ್ರಯೋಗದಲ್ಲೂ ಇದೇ ಕಂಡಿತು. ಟೀವಿ ಕಡಿಮೆ ಮಾಡಲು ಕಲಿಸಿದ ಶಾಲೆಯ ಮಕ್ಕಳ ಮೈ ದಪ್ಪವಾಗುವುದು ನಿಧಾನವಾಯಿತು. ಆದರೆ ಅವರ ಓಡಾಟ ಹೇಳಿಕೊಳ್ಳುವಷ್ಟು ಹೆಚ್ಚಿರಲಿಲ್ಲ. ಕಡಿಮೆಯಾಗಿದ್ದು ಟೀವಿ ಮುಂದೆ ಕೂತು ಮಾಡುವ ಊಟ.

ಕಾನೂನು ಬಂದರೆ ಏನಾಗಬಹುದು?

ಆಸ್ಟ್ರೇಲಿಯಾದ ಕಾನೂನು ಹಿಡಿಯುವುದು ಖಾತೆಯನ್ನು. ಖಾತೆ ಇಲ್ಲದೆ ಯೂಟ್ಯೂಬ್ ನೋಡಲು ಅಲ್ಲೂ ಅಡ್ಡಿಯಿಲ್ಲ. ಗೆಳೆಯರ ನಡುವಿನ ಹೋಲಿಕೆ, ಅಪರಿಚಿತರ ಕಾಟ, ಕಾಮೆಂಟುಗಳ ಬೈಗುಳ ಇವು ಕಡಿಮೆಯಾಗಬಹುದು. ಮೇಲೆ ಹೇಳಿದ ನಿದ್ದೆ, ಕೂರುವುದು, ಬೆಳಕು, ಮಾತು ಇವುಗಳ ಮೇಲೆ ಅದರ ಪರಿಣಾಮ ಸುತ್ತಿಬಳಸಿ ಆಗಬೇಕು.

ನಮ್ಮಲ್ಲಿ ತೊಡಕು ಇನ್ನೂ ಜಾಸ್ತಿ. ಗ್ರಾಮೀಣ ಭಾರತದ ಮಕ್ಕಳ ಬಗ್ಗೆ ಅಸರ್ ಅನ್ನುವ ಶಿಕ್ಷಣ ಸಮೀಕ್ಷೆಯ 2024ರ ವರದಿ ನೋಡಿ. 14ರಿಂದ 16 ವರ್ಷದವರಲ್ಲಿ ಶೇ. 82.2 ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ, ಆದರೆ ಬಳಸಬಲ್ಲ 14 ವರ್ಷದವರಲ್ಲಿ ಸ್ವಂತ ಫೋನ್ ಇರುವುದು ಶೇ. 27 ಮಂದಿಗೆ. ಉಳಿದವರು ನೋಡುವುದು ಅಪ್ಪನ ಫೋನು, ಅಮ್ಮನ ಫೋನು, ಅಣ್ಣನ ಖಾತೆ. ಖಾತೆಗೆ ವಯಸ್ಸು ಕೇಳುವ ಕಾನೂನು ಈ ಮಗುವನ್ನು ನೋಡುವುದೇ ಇಲ್ಲ. ಇನ್ನೊಂದು ಅಪಾಯ ಹುಡುಗಿಯರಿಗೆ. ಸ್ವಂತ ಫೋನ್ ಈಗಲೇ ಹುಡುಗರಿಗಿಂತ ಹುಡುಗಿಯರ ಬಳಿ ಕಡಿಮೆ. ನಿಷೇಧ ಅನ್ನುವ ಮಾತು ಕಿವಿಗೆ ಬಿದ್ದರೆ ಸಾಕು, ಎಷ್ಟೋ ಮನೆಗಳಲ್ಲಿ ಮಗಳ ಕೈಯಿಂದ ಓದಿನ ಫೋನನ್ನೂ ಕಿತ್ತುಕೊಂಡಾರು, ಮಗನ ಕೈಯಲ್ಲಿ ಅದು ಉಳಿದೀತು.

ಊರವರೇ ಹುಡುಕಿಕೊಂಡ ದಾರಿಯೂ ಇದೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಹಳ್ಳಿಯೊಂದನ್ನು ನೋಡಿ ಕಲಿತು, ಬೆಳಗಾವಿ ಹತ್ತಿರದ ಹಲಗಾ ಗ್ರಾಮದಲ್ಲಿ ಸಂಜೆ ಏಳಕ್ಕೆ ಸೈರನ್ ಕೂಗಿಸಿ ಒಂಬತ್ತರವರೆಗೆ ಟೀವಿ, ಮೊಬೈಲ್ ಎರಡನ್ನೂ ಬಂದ್ ಮಾಡುವ ಪದ್ಧತಿ ಶುರುವಾಯಿತು. ಇದರಲ್ಲಿ ನನಗೆ ಹಿಡಿಸಿದ್ದು ದೊಡ್ಡವರ ಟೀವಿಯೂ ಆರುತ್ತದೆ ಅನ್ನುವುದು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ, ರಾತ್ರಿ ಪಾಳಿಯವರ ಮನೆಯಲ್ಲಿ ಸೈರನ್ ನಡೆಯಲಾರದು. ಅಲ್ಲಿ ಮನೆಯವರೇ ಹೊತ್ತು ಗೊತ್ತು ಮಾಡಿಕೊಳ್ಳಬೇಕು.

ಇನ್ನು ಕೈಯಲ್ಲೇ ಇರುವ ಕಾನೂನು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನೆಲ್ಲ ಮಕ್ಕಳು ಅನ್ನುತ್ತದೆ. ಅವರ ನಡವಳಿಕೆಯ ಮೇಲೆ ಕಣ್ಣಿಡುವುದನ್ನೂ ಅವರಿಗೇ ಗುರಿಯಿಟ್ಟು ಜಾಹೀರಾತು ತೋರಿಸುವುದನ್ನೂ ಬೇಡ ಅನ್ನುತ್ತದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಬಂದವು, ಮುಖ್ಯ ಷರತ್ತುಗಳಿಗೆ ಒಂದೂವರೆ ವರ್ಷದ ಗಡುವು, ಅಂದರೆ 2027ರ ಮೇ ಹೊತ್ತಿಗೆ. ಮಗು ಯಾವ ವಿಡಿಯೊದಲ್ಲಿ ಎಷ್ಟು ಸೆಕೆಂಡು ನಿಂತಿತು ಅಂತ ಅಳೆದು ಮುಂದಿನದನ್ನು ಆರಿಸಿಕೊಡುವುದೂ ನಡವಳಿಕೆಯ ಮೇಲೆ ಕಣ್ಣಿಡುವುದೇ ಆಗುತ್ತದಾ? ಹೌದು ಅಂತಾದರೆ ಮುಗಿಯದ ಆ ರೀಲ್ಸ್ ಓಟಕ್ಕೇ ಕೈ ಹಾಕಿದಂತೆ. ಅಲ್ಲ ಅಂತಾದರೆ ಮಕ್ಕಳಿಗೆ ಜಾಹೀರಾತು ಮಾತ್ರ ಬದಲಾಗುತ್ತದೆ, ರಾತ್ರಿ ಎರಡರ ರೀಲ್ಸ್ ಹಾಗೇ ಇರುತ್ತದೆ. ಯಾರೋ ಒಬ್ಬರು ಪೋಷಕರು ದೂರು ಕೊಟ್ಟು, ದತ್ತಾಂಶ ಸಂರಕ್ಷಣಾ ಮಂಡಳಿಯೋ ನ್ಯಾಯಾಲಯವೋ ಈ ಪ್ರಶ್ನೆಗೆ ಉತ್ತರ ಕೊಡುವಂತಾಗಬೇಕು.